ಶಿಫಾನ್‌ಗೆ ಕಾಗದದ ಆಸರೆ

ಹತ್ತಿ ಬಟ್ಟೆಯಲ್ಲಿ ಕೈ ಪಳಗಿದ ಮೇಲೆ ಧೈರ್ಯ ಮಾಡಿ ಶಿಫಾನ್ ಅನ್ನೋ ತೆಳು, ಜಾರುವ ಬಟ್ಟೆ ಹೊಲಿಯಲು ಕೂತೆ. ಮೊದಲ ನಾಲ್ಕು ಹೊಲಿಗೆಗೇ ಬಟ್ಟೆಯ ಮೂಲೆ ಸೂಜಿಯ ಜೊತೆ ಹೊಲಿಗೆ ಯಂತ್ರದ ಪ್ಲೇಟಿನ ತೂತಿನೊಳಗೆ ಇಳಿದುಬಿಟ್ಟಿತು. ಬಿಡಿಸಿ ತೆಗೆಯುವಷ್ಟರಲ್ಲಿ ಎಳೆಗಳು ಸರಿದು, ಅಂಚು ಬಲೆಯ ಹಾಗೆ ಆಗಿತ್ತು. ತುಂಬಾ ಬೇಜಾರಾಯಿತು.

ಆಮೇಲೆ ಒಂದು ವಿಷಯ ಅರ್ಥವಾಯಿತು. ಈ ಬಟ್ಟೆಗೆ ತನ್ನದೇ ಆದ ಬಿಗಿ ಇಲ್ಲ, ಅದನ್ನು ನಾವೇ ಕೊಡಬೇಕು. ನಾನು ಕೊಡುವುದು ತೆಳು ಟಿಶ್ಯೂ ಕಾಗದದಿಂದ. ಕತ್ತರಿಸುವಾಗಲೇ ಬಟ್ಟೆಯನ್ನು ಕಾಗದದ ಮೇಲೆ ಹರಡಿ, ಪಿನ್ನು ಹಾಕಿ, ಎರಡನ್ನೂ ಸೇರಿಸಿಯೇ ಕತ್ತರಿಸುತ್ತೇನೆ. ಪಿನ್ನು ಮಾರ್ಜಿನ್ ಒಳಗೇ, ಅಂದರೆ ಹೊಲಿಗೆಗೆಂದು ಅಂಚಿನಲ್ಲಿ ಬಿಟ್ಟ ಜಾಗದಲ್ಲೇ, ಇರಬೇಕು. ಸ್ಯಾಟಿನ್ ಆದರೆ ಇನ್ನೂ ಜಾಗ್ರತೆ, ಚುಚ್ಚಿದ ತೂತು ಹಾಗೇ ಉಳಿದುಬಿಡುತ್ತದೆ.

ಸೂಜಿ ಮಾತ್ರ ಹೊಸದೇ ಬೇಕು. ಮೊಂಡು ಸೂಜಿ ಎಳೆಯನ್ನು ದಾಟಿ ಹೋಗುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಶಿಫಾನ್‌ಗೆ 60 ಅಥವಾ 65ನೇ ನಂಬರ್, ಸ್ವಲ್ಪ ದಪ್ಪದ ಸ್ಯಾಟಿನ್‌ಗೆ 70. ದಾರ ತೆಳುವಾದದ್ದು, ಹೊಲಿಗೆಯ ಉದ್ದ 2 ಮಿ.ಮೀ. ಒಳಗೆ.

ಹೊಲಿಯುವಾಗಲೂ ಬಟ್ಟೆಯ ಕೆಳಗೆ ಕಾಗದದ ಒಂದು ಪಟ್ಟಿ ಇಡುತ್ತೇನೆ. ಮೊದಲು ಸೂಜಿಯನ್ನು ಕೈಯಿಂದಲೇ ಚಕ್ರ ತಿರುಗಿಸಿ ಇಳಿಸುತ್ತೇನೆ. ಮೇಲಿನ ದಾರ, ಕೆಳಗಿನ ಬಾಬಿನ್ ದಾರ ಎರಡರ ತುದಿಯನ್ನೂ ಹಿಂದಕ್ಕೆ ಹಿಡಿದಿರುತ್ತೇನೆ. ಮೂಲೆ ಒಳಗೆ ಇಳಿಯದಿರುವುದು ಇದರಿಂದಲೇ. ಶುರುವಿನಲ್ಲಿ ರಿವರ್ಸ್ ಹೊಲಿಗೆ ಹಾಕುವುದಿಲ್ಲ. ತುದಿಯ ದಾರ ಉದ್ದ ಬಿಟ್ಟು ಕೊನೆಗೆ ಕೈಯಲ್ಲೇ ಗಂಟು ಹಾಕುತ್ತೇನೆ. ಆಮೇಲೆ ನಿಧಾನ. ಬಟ್ಟೆಯನ್ನು ಮುಂದೆ ಒಂದು ಕೈ, ಹಿಂದೆ ಒಂದು ಕೈ ಹಿಡಿದು ಸುಮ್ನೆ ನೇರ ಇಟ್ಟರೆ ಸಾಕು. ಎಳೆದಿರೋ, ಹೊಲಿಗೆ ಸುಕ್ಕುಗಟ್ಟುತ್ತದೆ, ಸೂಜಿಯೂ ಬಾಗಬಹುದು.

ಪಾರದರ್ಶಕ ಬಟ್ಟೆಯಲ್ಲಿ ಒಳಗಿನ ಅಂಚೂ ಹೊರಗೆ ಕಾಣುತ್ತದಲ್ವಾ? ಅದಕ್ಕೇ ನನಗೆ ಫ್ರೆಂಚ್ ಸೀಮ್, ಅಂದರೆ ಅಂಚನ್ನು ಒಳಗೇ ಮುಚ್ಚುವ ಎರಡು ಸಲದ ಹೊಲಿಗೆ, ಅಷ್ಟು ಇಷ್ಟ. ಮಾರ್ಜಿನ್ 1.5 ಸೆಂ.ಮೀ. ಇಡುತ್ತೇನೆ. ಮೊದಲು ಒಳಬದಿಗೆ ಒಳಬದಿ ಸೇರಿಸಿ, ಅಂಚಿನಿಂದ 8 ಮಿ.ಮೀ. ಬಿಟ್ಟು ಹೊಲಿಗೆ. ಕಾಗದ ತೆಗೆದು, ಅಂಚನ್ನು 3 ಮಿ.ಮೀ.ಗೆ ಕತ್ತರಿಸಿ, ಇಸ್ತ್ರಿ ಮಾಡಿ, ಬಟ್ಟೆ ತಿರುಗಿಸಿ, ಈಗ ಮೇಲ್ಬದಿಗೆ ಮೇಲ್ಬದಿ ಸೇರಿಸಿ, 7 ಮಿ.ಮೀ.ನಲ್ಲಿ ಎರಡನೇ ಹೊಲಿಗೆ. ಬಿಚ್ಚಿದ ಎಳೆಗಳೆಲ್ಲ ಒಳಗೇ ಮುಚ್ಚಿಹೋಗುತ್ತವೆ. ಕತ್ತರಿಸುವಾಗ ಒಂದೇ ಒಂದು ಎಳೆ ಉದ್ದ ಉಳಿದರೂ ಎರಡನೇ ಹೊಲಿಗೆಯಿಂದ ಮೀಸೆಯ ಹಾಗೆ ಹೊರಗೆ ಇಣುಕುತ್ತದೆ. ಹಾಗಾಗಿ ಈ ಕೆಲಸವನ್ನು ಒಳ್ಳೆ ಬೆಳಕಿನಲ್ಲೇ ಮಾಡುತ್ತೇನೆ. ತೀರಾ ಬಾಗಿದ ಕಡೆ, ಉದಾಹರಣೆಗೆ ತೋಳು ಕೂಡುವಲ್ಲಿ, ಇದು ಕಷ್ಟ. ಅಲ್ಲಿ ಅಕ್ಕಪಕ್ಕ ಎರಡು ಹೊಲಿಗೆ ಹಾಕಿ, ಅಂಚು ಸಣ್ಣದಾಗಿ ಕತ್ತರಿಸಿ ಬಿಡುತ್ತೇನೆ.

ಕಾಗದ ತೆಗೆಯುವಾಗ ಅವಸರ ಬೇಡ. ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಒಂದೊಂದೇ ಬದಿಯಿಂದ ಹರಿಯಬೇಕು. ಹೊಲಿಗೆಯ ಸಂದಿಯಲ್ಲಿ ಉಳಿದ ಚೂರುಗಳನ್ನು ಚಿಮುಟದಿಂದ ತೆಗೆದು, ಮೇಲೆ ತೆಳು ಬಟ್ಟೆ ಹಾಕಿ ಸಣ್ಣ ಬಿಸಿಯಲ್ಲಿ ಇಸ್ತ್ರಿ ಒತ್ತುತ್ತೇನೆ.