ಘಾಟಿ ಇಳಿಯುವಾಗ ನ್ಯೂಟನ್ ನಿಯಮ: ಡ್ರೈವರ್ ಆಗಿ ನನ್ನ ಅನುಭವ

ನಾನು ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ಓಡಿಸುತ್ತೇನೆ. ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋಗುವ ಪಾರ್ಟಿಗಳೇ ಜಾಸ್ತಿ. ಪಿಯುಸಿಯಲ್ಲಿ ಓದಿದ್ದ ಚಲನೆಯ ನಿಯಮಗಳು ನನಗೆ ನಿಜವಾಗಿ ಅರ್ಥವಾಗಿದ್ದು ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ.

ತಿರುವು ಬಂದಾಗ ಜನ ಒಂದು ಪಕ್ಕಕ್ಕೆ ವಾಲುತ್ತಾರೆ. ಯಾರೋ ಹೊರಗೆ ಎಳೆದ ಹಾಗಾಯ್ತು ಅನ್ನುತ್ತಾರೆ. ಯಾರೂ ಎಳೆದಿರುವುದಿಲ್ಲ. ಮೈ ನೇರ ಹೋಗಲು ನೋಡುತ್ತದೆ, ಗಾಡಿ ತಿರುಗಿಬಿಡುತ್ತದೆ. ಮೊದಲ ನಿಯಮ ಇದೇ ಅಲ್ವಾ? ಕಿವಿಯೊಳಗಿನ ದ್ರವವೂ ಹೀಗೆಯೇ, ತಲೆ ತಿರುಗಿದರೂ ಒಂದು ಗಳಿಗೆ ಹಿಂದೆ ಉಳಿಯುತ್ತದೆ. ಅದರಿಂದ ಕಿವಿಗೆ ತಿರುಗುತ್ತಿರುವುದು ಗೊತ್ತಾಗುತ್ತದೆ. ಮೊಬೈಲ್ ನೋಡುತ್ತಿರುವ ಕಣ್ಣಿಗೆ ಗೊತ್ತಾಗುವುದಿಲ್ಲ. ಈ ಗೊಂದಲಕ್ಕೇ ವಾಂತಿ ಬರುವುದು. ಹಾಗಾಗಿ ಘಾಟಿ ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲೇ ಯಾರಿಗೆ ವಾಂತಿ ಬರುತ್ತದೆ ಅಂತ ಕೇಳಿಬಿಡುತ್ತೇನೆ, ಅಂಥವರಿಗೆ ಮುಂದಿನ ಸೀಟು. "ರಸ್ತೆ ನೋಡ್ತಾ ಇರಿ ಅಮ್ಮಾ" ಅನ್ನುತ್ತೇನೆ. ತುಂಬಾ ಜನಕ್ಕೆ ಅಷ್ಟೇ ಸಾಕಾಗುತ್ತದೆ.

ಇನ್ನು ಗಾಡಿ ತಿರುಗುವುದು ಹೇಗೆ? ಸ್ಟೇರಿಂಗ್ ಮುಂದಿನ ಚಕ್ರಗಳನ್ನು ಓರೆ ಮಾಡುತ್ತದೆ ಅಷ್ಟೆ. ಟೈರು ರಸ್ತೆಯನ್ನು ಹೊರಕ್ಕೆ ತಳ್ಳುತ್ತದೆ, ರಸ್ತೆ ಟೈರನ್ನು ಒಳಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯಿಂದಲೇ ಗಾಡಿ ತಿರುಗುತ್ತದೆ. ಮಳೆಗಾಲದಲ್ಲಿ ನೀರು, ಮಣ್ಣು, ಪಾಚಿ ಸೇರಿದರೆ ರಸ್ತೆಗೆ ಅಷ್ಟು ತಳ್ಳಲು ಆಗುವುದಿಲ್ಲ. ಒಂದು ಲೆಕ್ಕ ನೋಡಿ. 15 ಮೀಟರ್ ತ್ರಿಜ್ಯದ ತಿರುವು, ವೇಗ 20 ಕಿ.ಮೀ. ಆಗ ಗಾಡಿಯ ತೂಕದ ಐದನೇ ಒಂದು ಪಾಲು ಹಿಡಿತ ಸಾಕು. ವೇಗ 30 ಆದರೆ ಹತ್ತಿರ ಹತ್ತಿರ ಅರ್ಧ ಬೇಕು. ಒದ್ದೆ ರಸ್ತೆಯನ್ನು ಅಷ್ಟು ನಂಬಲು ನಾನು ತಯಾರಿಲ್ಲ. ತಿರುವಿಗೆ ಮೊದಲೇ ವೇಗ ಇಳಿಸುತ್ತೇನೆ. ಒಳಗೆ ಹೋದ ಮೇಲೆ ಬ್ರೇಕ್ ಒತ್ತಿದರೆ, ಇರುವ ಹಿಡಿತ ತಿರುಗುವುದಕ್ಕೂ ನಿಲ್ಲುವುದಕ್ಕೂ ಹಂಚಿಹೋಗುತ್ತದೆ.

ದೊಡ್ಡ ವಿಷಯ ಬ್ರೇಕಿನದು. ಜನ, ಲಗೇಜು ಎಲ್ಲ ಸೇರಿ ಗಾಡಿ 4 ಟನ್ ಅಂದುಕೊಳ್ಳಿ. ಎತ್ತರದಲ್ಲಿ 100 ಮೀಟರ್ ಇಳಿದರೆ ಬಿಡುಗಡೆಯಾಗುವ ಶಕ್ತಿ 12 ಲೀಟರ್ ತಣ್ಣೀರನ್ನು ಕುದಿಯುವ ತನಕ ಕಾಯಿಸುವಷ್ಟು. ವೇಗ ಏರಬಾರದು ಅಂದರೆ ಅಷ್ಟೂ ಶಕ್ತಿ ಎಲ್ಲಾದರೂ ಬಿಸಿಯಾಗಿ ಹೋಗಲೇಬೇಕು. ಎಲ್ಲವನ್ನೂ ಬ್ರೇಕ್ ಮೇಲೆ ಹಾಕಿದರೆ ಮೊದಲು ಸುಟ್ಟ ವಾಸನೆ ಬರುತ್ತದೆ. ಆಮೇಲೆ ಬ್ರೇಕ್ ಆಯಿಲ್ ಕುದಿದು ಗುಳ್ಳೆ ಏಳುತ್ತದೆ, ಪೆಡಲ್ ಸುಮ್ನೆ ಕೆಳಗೆ ಹೋಗುತ್ತದೆ. ಅದಕ್ಕೇ ನಾನು ಎರಡನೇ ಗೇರಿನಲ್ಲಿ ಇಳಿಯುವುದು, ಕಡಿದಾದ ಕಡೆ ಒಂದನೇ ಗೇರು. ಇಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ.

ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಿಂದೆ ಕೂತವರ ಜೀವ ಅವರ ಕೈಯಲ್ಲಿರುತ್ತದೆ. ಈಗಿನ ಇಂಜಿನ್‌ಗಳಲ್ಲಂತೂ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ಚಾಲೂ ಇರಲು ಡೀಸೆಲ್ ಬೇಕೇ ಬೇಕು.

ಭಾರದ ಲಗೇಜನ್ನು ಮೇಲಿನ ಕ್ಯಾರಿಯರ್‌ಗೆ ಹಾಕಿಸುವುದಿಲ್ಲ. ಭಾರ ಮೇಲೇರಿದಷ್ಟೂ ತಿರುವಿನಲ್ಲಿ ಗಾಡಿ ವಾಲುತ್ತದೆ. ಬ್ರೇಕ್ ಆಯಿಲನ್ನು ಮಳೆಗಾಲಕ್ಕೆ ಮುಂಚೆಯೇ ನೋಡಿಸುತ್ತೇನೆ. ಡಾಟ್ 3 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ 205 ಡಿಗ್ರಿಯ ತನಕ ಕುದಿಯುವುದಿಲ್ಲ. ಗಾಳಿಯ ತೇವ ಹೀರುತ್ತಾ ಹೋದರೆ 140ರ ಹತ್ತಿರವೇ ಕುದಿಯಬಹುದು. ಹಳೆಯದಾಗಿದ್ದರೆ ಬದಲಾಯಿಸಿಯೇ ಘಾಟಿಗೆ ಹೊರಡುವುದು.