ನೈಟ್ರಿಕ್ ಬಿಟ್ಟು ಮೈಲುತುತ್ತ ಹಿಡಿದೆ: ಎಚ್ಚಿಂಗ್‌ನಲ್ಲಿ ನನ್ನ ಅನುಭವ

ಕಳೆದ ವಾರ ನನ್ನ ಎಂವಿಎ (ದೃಶ್ಯಕಲೆಯ ಸ್ನಾತಕೋತ್ತರ ಪದವಿ) ಫೈನಲ್ ಡಿಸ್‌ಪ್ಲೇ ಮುಗಿಯಿತು. ಗೋಡೆಯ ಮೇಲೆ 22 ಎಚ್ಚಿಂಗ್ ಇದ್ದವು. ಎಚ್ಚಿಂಗ್ ಎಂದರೆ ಲೋಹದ ಪ್ಲೇಟಿಗೆ ಗ್ರೌಂಡ್ ಎಂಬ ಮೇಣದಂಥ ಲೇಪ ಹಚ್ಚಿ, ಅದರಲ್ಲಿ ಗೆರೆ ಗೀಚಿ, ಆ ಗೆರೆಯನ್ನು ಆಸಿಡ್ಡಿನಂಥದ್ದರಲ್ಲಿ ತಿನ್ನಿಸಿ, ಇಂಕ್ ತುಂಬಿ ಕಾಗದಕ್ಕೆ ಒತ್ತಿ ತೆಗೆಯುವ ಚಿತ್ರ. ಒಂದು ಪ್ಲೇಟಿಗೂ ನೈಟ್ರಿಕ್ ಆಸಿಡ್ ಮುಟ್ಟಿಸಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಲೆನ್ಸ್ ಹಿಡಿದು ಗೆರೆ ನೋಡಿದರು. "ಯಾವ ಆಸಿಡ್, ಎಷ್ಟು ಹೊತ್ತು?" ಎಂದು ಕೇಳಿದರು. "ಮೈಲುತುತ್ತ ಸರ್, ಅಡಿಕೆಗೆ ಹೊಡೆಯುವುದು" ಅಂದೆ. ಅಂದರೆ ಕಾಪರ್ ಸಲ್ಫೇಟ್, ತಾಮ್ರದ ಲವಣ. ಮತ್ತೆ ಲೆನ್ಸ್ ಎತ್ತಿಕೊಂಡರು. ಎರಡು ವರ್ಷದಿಂದ "ಇದರಲ್ಲಿ ಸಣ್ಣ ಗೆರೆ ಬರಲ್ಲ" ಎನ್ನುತ್ತಿದ್ದವರೂ ಪಕ್ಕದಲ್ಲೇ ಇದ್ದರು. ನನಗೆ ತುಂಬಾ ಖುಷಿಯಾಯಿತು.

ನಮ್ಮದು ಸಣ್ಣ ವಿಶ್ವವಿದ್ಯಾಲಯ. ಗ್ರಾಫಿಕ್ಸ್‌ನಲ್ಲಿ, ಅಂದರೆ ಅಚ್ಚೊತ್ತಿ ಚಿತ್ರ ಮಾಡುವ ವಿಭಾಗದಲ್ಲಿ, ನಾವು ನಾಲ್ಕೇ ಜನ. ಪ್ರೆಸ್ ಹಳೆಯದಾದರೂ ಒಳ್ಳೆಯದಿದೆ. ಆಸಿಡ್ ರೂಮಿಗೆ ಮಾತ್ರ ಒಂದೇ ಕಿಟಕಿ, ಎಕ್ಸಾಸ್ಟ್ ಫ್ಯಾನ್ ನಾನು ಸೇರುವ ಮೊದಲೇ ಕೆಟ್ಟಿತ್ತು. ನೈಟ್ರಿಕ್‌ನ ಕಂದು ಹೊಗೆ ಎದ್ದರೆ ಹೊರಗೆ ಓಡಬೇಕು. ಮೊದಲ ಸೆಮಿಸ್ಟರಿನಲ್ಲಿ ಹಿಡಿದ ಕೆಮ್ಮು ಎರಡು ತಿಂಗಳು ಬಿಡಲಿಲ್ಲ. ದುಡ್ಡಿನದೂ ಕಷ್ಟ. ಸತುವಿನ ಪ್ಲೇಟ್ ಚದರಡಿಗೆ 800, 900 ರೂಪಾಯಿ ಬೀಳುತ್ತಿತ್ತು.

ದಾರಿ ಸಿಕ್ಕಿದ್ದು ಮನೆಯಲ್ಲಿ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆಯುವ ಗಡಿಬಿಡಿ. ನಾನು ತಗಡಿನ ಬಕೆಟಿಗೆ ಮೈಲುತುತ್ತ ಸುರಿಯಲು ಹೋದೆ. ಅಪ್ಪಯ್ಯ ಬೈದರು: "ಅದರಲ್ಲಿ ಕಲಸ್ತಾರೇನೇ? ಬಕೆಟ್ಟು ತೂತಾಗ್ತದೆ ಕಣೇ!" ಆಮೇಲೆ ಸುಣ್ಣ ಸೇರಿಸಿ, ಕತ್ತಿ ಅದ್ದಿ ನೋಡಿದರು. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಲೆಕ್ಕ. ಚಿಕ್ಕಂದಿನಿಂದ ನೋಡಿದ್ದೇ. ಆ ದಿನ ಮಾತ್ರ ಬೇರೆ ಕಂಡಿತು. ತಾಮ್ರ ಬಂದು ಕೂತಿದೆ ಅಂದರೆ ಅಷ್ಟು ಕಬ್ಬಿಣ ಕರಗಿದೆ, ಅಲ್ವಾ? ತಗಡಿನ ಬಕೆಟಿನ ಮೇಲಿರುವುದು ಸತು. ನಮ್ಮ ಪ್ಲೇಟೂ ಸತುವೇ!

ಕಾಲು ಕೆಜಿ ಕಟ್ಟಿಕೊಂಡು ಬಂದೆ. ಆಮೇಲೆ ಓದಿದಾಗ ಗೊತ್ತಾಯಿತು, ಸೆಡ್ರಿಕ್ ಗ್ರೀನ್ ಎಂಬ ಕಲಾವಿದರು ಇದೇ ದಾರಿಯಲ್ಲಿ ಮೊದಲೇ ಹೋಗಿ ಅದಕ್ಕೆ ಬೋರ್ಡೋ ಎಚ್ (Bordeaux Etch) ಎಂದು ಹೆಸರಿಟ್ಟಿದ್ದರು. ಆದರೆ ನಾನು ಅಲ್ಲಿಗೆ ಹೋದದ್ದು ಅಪ್ಪಯ್ಯನ ಕತ್ತಿ ಹಿಡಿದುಕೊಂಡೇ.

ಮೊದಲ ಮೂರು ಪ್ಲೇಟ್ ಹಾಳು. ಬರೀ ಮೈಲುತುತ್ತದ ನೀರು ಸತುವನ್ನು ನಿಧಾನಕ್ಕೆ ತಿನ್ನುತ್ತದೆ. ಗೆರೆಯೊಳಗೆ ಕೆಂಪು ಕೆಸರು ತುಂಬಿ ಅಲ್ಲಿಗೇ ನಿಂತುಬಿಡುತ್ತದೆ. ಗರಿಯಲ್ಲಿ ಒರೆಸುತ್ತಾ ಕೂತರೂ ಗೆರೆ ಒಂದೇ ಸಮ ಬರಲಿಲ್ಲ. ಅಡುಗೆ ಉಪ್ಪು ಸೇರಿಸಿದ ಮೇಲೆ ಕೆಸರು ಸಡಿಲವಾಯಿತು. ಪ್ಲೇಟನ್ನು ಟ್ರೇಯಲ್ಲಿ ಮಲಗಿಸುವುದು ಬಿಟ್ಟು ಡಬ್ಬದಲ್ಲಿ ನಿಲ್ಲಿಸಿದೆ. ಕೆಸರು ತಾನಾಗಿ ತಳಕ್ಕೆ ಬಿತ್ತು. ಇಷ್ಟು ತಿಳಿಯಲು ನಾಲ್ಕು ತಿಂಗಳು ಬೇಕಾಯಿತು.

ಆಮೇಲೆ ಅಲ್ಯೂಮಿನಿಯಂ. ಕಿಟಕಿ ಮಾಡುವವರ ಅಂಗಡಿಯಲ್ಲಿ ಶೀಟಿನ ತುಂಡುಗಳು ತೂಕಕ್ಕೆ ಸಿಗುತ್ತವೆ. ನಾನು ಕೆಜಿಗೆ 150ರ ಹತ್ತಿರ ಕೊಟ್ಟೆ. ಉಪ್ಪಿಲ್ಲದೆ ಅದು ಅಲ್ಲಾಡುವುದೇ ಇಲ್ಲ. ಉಪ್ಪು ಹಾಕಿದರೆ ಹಿಡಿಯುವುದು ಕಷ್ಟ. ಬೇಗ ಆಗಲಿ ಎಂದು ಒಮ್ಮೆ ಲೀಟರಿಗೆ 300 ಗ್ರಾಂ ಮೈಲುತುತ್ತ ಹಾಕಿದೆ. ನೀರು ಕೈ ಇಡಲಾಗದಷ್ಟು ಬಿಸಿಯಾಯಿತು. ಗ್ರೌಂಡ್ ಪೂರ್ತಿ ಕಿತ್ತು ತೇಲಿತು. ಗುಜರಿಯಿಂದ ತಂದ ತೆಳು ಆಫ್‌ಸೆಟ್ ಪ್ಲೇಟ್ (ಮುದ್ರಣಾಲಯದ ಅಲ್ಯೂಮಿನಿಯಂ ಹಾಳೆ) ಒಂದು ತೂತೇ ಬಿತ್ತು. ಒಂದು ತಿಂಗಳ ಡ್ರಾಯಿಂಗ್ ಅದರ ಮೇಲಿತ್ತು. ಅವತ್ತು ಅತ್ತೆ.

ಈಗ ಲೀಟರ್ ನೀರಿಗೆ ಸುಮಾರು 75 ಗ್ರಾಂ ಮೈಲುತುತ್ತ, ಅಷ್ಟೇ ಉಪ್ಪು. ಅಲ್ಯೂಮಿನಿಯಂ ಗೆರೆಗೆ ಹತ್ತು ನಿಮಿಷದ ಆಸುಪಾಸು, ಸತುವಿಗೆ ಅರ್ಧ ಗಂಟೆ. ಏಪ್ರಿಲ್ ಸೆಕೆಯಲ್ಲಿ ಇದಕ್ಕಿಂತ ಕಡಿಮೆ. ನೀಲಿ ಬಣ್ಣ ಹೋಯಿತು ಅಂದರೆ ಶಕ್ತಿ ಹೋಯಿತು. ಗುಳ್ಳೆ ಏಳುವುದು ಹೈಡ್ರೋಜನ್, ಹಾಗಾಗಿ ಕಿಟಕಿ ತೆಗೆದೇ ಇಡಿ, ಹತ್ತಿರ ಬೆಂಕಿ ಬೇಡ. ಕೈಗವಸು, ಕನ್ನಡಕ ಇದಕ್ಕೂ ಬೇಕು.

ಇದರಲ್ಲಿ ನನಗೆ ಅತಿ ಇಷ್ಟವಾದದ್ದು ಅಲ್ಯೂಮಿನಿಯಂನ ಓಪನ್ ಬೈಟ್, ಅಂದರೆ ಗ್ರೌಂಡ್ ಇಲ್ಲದ ಬರಿ ಜಾಗವನ್ನೇ ತಿನ್ನಿಸುವುದು. ಮೇಲ್ಮೈ ತಾನಾಗಿಯೇ ಒರಟಾಗಿ ಇಂಕ್ ಹಿಡಿಯುತ್ತದೆ. ಛಾಯೆ ತರಲು ರಾಳದ ಪುಡಿ ಉದುರಿಸಿ ಅಕ್ವಾಟಿಂಟ್ ಮಾಡುವ ಕೆಲಸವೇ ಇಲ್ಲ. ಮೂರು ಸಲ ಸ್ಟಾಪ್‌ಔಟ್ ಮಾಡಿ (ಸಾಕಷ್ಟು ತಿಂದ ಜಾಗವನ್ನು ಮುಚ್ಚಿ) ಮಳೆಗಾಲದ ತೋಟದ ಕತ್ತಲೆ ತಂದಿದ್ದೇನೆ. ಅಂಥ ಮೆತ್ತನೆಯ ಕಪ್ಪು ನಮ್ಮ ವಿಭಾಗದಲ್ಲಿ ಬೇರೆ ಯಾರೂ ತೆಗೆದಿಲ್ಲ, ಇದನ್ನು ಧೈರ್ಯವಾಗಿ ಹೇಳುತ್ತೇನೆ. ಗ್ರೌಂಡ್ ಕೀಳದಂತೆ ಪ್ಲೇಟ್ ತೊಳೆಯಲು ಚಾಕ್ ಪುಡಿಯ ಜೊತೆ ಅಡುಗೆಮನೆಯ ಇನ್ನೊಂದು ಸಾಮಾನು ಬಳಸುತ್ತೇನೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಮಧ್ಯೆ ಬೇರೆ ಆಟಗಳೂ ನಡೆದವು. ಒತ್ತುವಾಗ ಕಾಗದದ ಮೇಲೆ ಹಾಸುವ ಉಣ್ಣೆಯ ಫೆಲ್ಟ್ ದುಬಾರಿ ಎಂದು ಪ್ರೆಸ್ಸಿಗೆ ಕರಿ ಕಂಬಳಿ ಹಾಕಿದೆ. ನೇಯ್ಗೆಯೆಲ್ಲ ಕಾಗದದ ಮೇಲೆ ಮೂಡಿತು. ಅಡಿಕೆ ಹಾಳೆಗೆ ಇಂಕ್ ಹಚ್ಚಿ ಪ್ರಿಂಟ್ ತೆಗೆದೆ. ಅದರ ನಾರಿನ ಗೆರೆ ಎಷ್ಟು ಚಂದ ಬಂತೆಂದರೆ ಎರಡನ್ನು ಡಿಸ್‌ಪ್ಲೇಯಲ್ಲೇ ಇಟ್ಟೆ. ಅಡಿಕೆ ಬೇಯಿಸಿದ ಚೊಗರಿನಲ್ಲಿ ಕಾಗದ ಅದ್ದಿದರೆ ಕೆಂಗಂದು ಬಣ್ಣ ಬರುತ್ತದೆ. ಅದಕ್ಕೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ತಾಗಿದರೆ ಕಪ್ಪಾಗುತ್ತದೆ. ಇದು ಎಷ್ಟು ವರ್ಷ ನಿಲ್ಲುತ್ತದೆ ಎಂದು ನೋಡಲು ಒಂದನ್ನು ಬಿಸಿಲಿಗೆ ಅಂಟಿಸಿದ್ದೇನೆ.

ಖರ್ಚು ನೆನಪಿದ್ದಂತೆ ಹೇಳುತ್ತೇನೆ. ಎರಡು ವರ್ಷಕ್ಕೆ ಮೈಲುತುತ್ತ 4 ಕೆಜಿ, ಒಟ್ಟು ಸಾವಿರದ ಹತ್ತಿರ. ಅಲ್ಯೂಮಿನಿಯಂ 1,500. ಬರೀ ಸತುವಿನಲ್ಲೇ ಮಾಡಿದ್ದರೆ 20,000 ದಾಟುತ್ತಿತ್ತು. ಅಲ್ಯೂಮಿನಿಯಂ ಮೆತ್ತಗೆ, 12ನೇ ಪ್ರಿಂಟಿನ ಹೊತ್ತಿಗೆ ಸಣ್ಣ ಗೆರೆ ಸವೆಯುತ್ತದೆ. ಅದಕ್ಕೆ ನನ್ನ ಎಡಿಷನ್, ಅಂದರೆ ಒಂದು ಪ್ಲೇಟಿನಿಂದ ತೆಗೆಯುವ ಪ್ರಿಂಟು, ಹತ್ತೇ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ತಲಾ 1,500ರಂತೆ ಏಳು ಹೋದವು.

ಮುಗಿದ ದ್ರಾವಣವನ್ನು ಚರಂಡಿಗೆ ಚೆಲ್ಲಬೇಡಿ, ತಾಮ್ರ ಮೀನಿಗೆ ವಿಷ. ನಾನು ಸುಣ್ಣದ ತಿಳಿ ಹಾಕಿ, ಗಷ್ಟು ಕೂರಿಸಿ, ಒಣಗಿಸಿ ಡಬ್ಬದಲ್ಲಿ ಮುಚ್ಚಿಡುತ್ತೇನೆ. ಅಪ್ಪಯ್ಯ "ತೋಟಕ್ಕೆ ಹಾಕಬಹುದಲ್ಲೇ" ಅಂದರು. ಅದರಲ್ಲಿ ಸತು, ಅಲ್ಯೂಮಿನಿಯಂ, ಉಪ್ಪು ಎಲ್ಲ ಸೇರಿದೆ ಅಪ್ಪಯ್ಯ, ಬೇಡ ಅಂದೆ. ಈ ಸಲ ರಜೆಗೆ ಹೋಗುವಾಗ ಅವರು ಕತ್ತಿ ಅದ್ದುತ್ತಿರುವ ಪ್ರಿಂಟ್ ಒಂದನ್ನು ಕಟ್ಟು ಹಾಕಿಸಿ ಒಯ್ಯುತ್ತಿದ್ದೇನೆ.