ಹ್ಯಾಂಬರ್ಗ್ ಸುತ್ತುವ ಮುಂಚೆ ನೀರು ನೋಡಿ

ಊರಿಂದ ಬಂದ ನೆಂಟರಿಗೆ ಹ್ಯಾಂಬರ್ಗ್ ತೋರಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಮೊದಲ ಸಲವೇ ಎಡವಟ್ಟಾಯಿತು. ಹೊನ್ನಾವರದ ಅತ್ತೆಯನ್ನು ಸ್ಪೈಖರ್‌ಸ್ಟಾಟ್ ಎಂಬ ಹಳೆಯ ಗೋದಾಮುಗಳ ಕೇರಿಯ ಕಾಲುವೆಗಳಲ್ಲಿ ದೋಣಿ ಹತ್ತಿಸಲು ಕರೆದೊಯ್ದರೆ, ಅಲ್ಲಿ ಬರೀ ಕೆಸರು. "ಇಳಿತ ಮಾರಾಯ, ಹೊತ್ತು ನೋಡ್ಕೊಂಡು ಬರೋದಲ್ವಾ?" ಅಂದರು. ಸಮುದ್ರ ಇಲ್ಲಿಂದ ಸುಮಾರು 100 ಕಿಲೋಮೀಟರ್ ದೂರ. ಆದರೂ ಎಲ್ಬೆ ನದಿ ದಿನಕ್ಕೆರಡು ಸಲ ಮೂರು ಮೀಟರಿಗಿಂತ ಜಾಸ್ತಿ ಏರಿ ಇಳಿಯುತ್ತದೆ. ಹಿಂದಿನ ರಾತ್ರಿಯೇ ಉಬ್ಬರದ ಹೊತ್ತು ನೋಡಿಟ್ಟುಕೊಳ್ಳಿ.

ಬೆಳಿಗ್ಗೆ ಡೈಖ್‌ಸ್ಟ್ರಾಸೆಯಿಂದ ಶುರು ಮಾಡಿ. 1842ರ ಮೇ ತಿಂಗಳಲ್ಲಿ ನಗರದ ದೊಡ್ಡ ಭಾಗವನ್ನು ಸುಟ್ಟ ಬೆಂಕಿ ಹೊತ್ತಿದ್ದು ಈ ಬೀದಿಯಲ್ಲೇ. ಹಳೆಯ ವ್ಯಾಪಾರಿ ಮನೆಗಳ ಸಾಲು ಇವತ್ತಿಗೂ ಕಾಣುವುದೂ ಇಲ್ಲೇ! ಪಕ್ಕದಲ್ಲಿ ಸೇಂಟ್ ನಿಕೊಲಾಯ್ ಚರ್ಚಿನ ಕಪ್ಪು ಗೋಪುರ. 1943ರ ಬಾಂಬ್ ದಾಳಿಗೆ ಚರ್ಚು ಹಾಳಾಯಿತು, ಗೋಪುರ ಉಳಿಯಿತು. 76 ಮೀಟರ್ ಎತ್ತರದವರೆಗೆ ಲಿಫ್ಟ್ ಇದೆ.

ನೀರು ಏರುವ ಹೊತ್ತಿಗೆ ಸ್ಪೈಖರ್‌ಸ್ಟಾಟ್‌ಗೆ ಬನ್ನಿ. ಇಲ್ಲಿ ಅವಸರ ಬೇಡ. ಹ್ಯಾಂಬರ್ಗ್ ಜರ್ಮನಿಯ ಸುಂಕದ ವ್ಯವಸ್ಥೆಗೆ ಸೇರುವಾಗ, ಸುಂಕವಿಲ್ಲದೆ ಸರಕು ಇಡಲು ಒಂದು ಜಾಗ ಉಳಿಸಿಕೊಂಡಿತು. ಅದಕ್ಕಾಗಿ ಸುಮಾರು 20,000 ಜನರನ್ನು ಎಬ್ಬಿಸಿ 1883ರಿಂದ ಈ ಕೆಂಪಿಟ್ಟಿಗೆ ಗೋದಾಮುಗಳನ್ನು ಕಟ್ಟಿದರು. ಎಲ್ಲವೂ ಮರದ ಕಂಬಗಳ ಮೇಲೆ ನಿಂತಿವೆ. ಪ್ರತಿ ಗೋದಾಮಿಗೂ ಒಂದು ಬಾಗಿಲು ಬೀದಿಗೆ, ಇನ್ನೊಂದು ನೀರಿಗೆ. ತಲೆಯೆತ್ತಿ ನೋಡಿ, ಮಾಡಿನ ಕೆಳಗೆ ರಾಟೆ ಕಾಣುತ್ತದೆ. ಉಬ್ಬರದಲ್ಲಿ ದೋಣಿ ಗೋಡೆಗೇ ಬಂದು ನಿಲ್ಲುತ್ತಿತ್ತು, ಕಾಫಿ ಮೂಟೆ ಸೀದಾ ಮೇಲಕ್ಕೆ. ಪೊಗೆನ್‌ಮ್ಯೂಲೆನ್ ಸೇತುವೆ ಮೇಲೆ ನಿಂತರೆ ಒಳ್ಳೆಯ ಫೋಟೋ ಸಿಗುತ್ತದೆ, ಆದರೆ ಅಲ್ಲಿ ಯಾವಾಗಲೂ ನೂಕುನುಗ್ಗಲು.

ಆಮೇಲೆ ಲಾಂಡುಂಗ್ಸ್‌ಬ್ರ್ಯೂಕನ್. ಇಲ್ಲಿನ ದಕ್ಕೆ ನೀರಿನ ಮೇಲೆ ತೇಲುತ್ತದೆ. ಇಳಿತದಲ್ಲಿ ಅದಕ್ಕೆ ಹೋಗುವ ಸೇತುವೆಗಳು ಕಡಿದಾಗುತ್ತವೆ, ಮಂಡಿನೋವಿನವರು ಹುಷಾರು. ದುಬಾರಿ ಪ್ರವಾಸಿ ದೋಣಿ ಬೇಡ. ಬಸ್ಸಿಗೆ ತೆಗೆದ ದಿನದ ಟಿಕೆಟ್ಟೇ 62ನೇ ನಂಬರಿನ ಫೆರಿಗೂ ನಡೆಯುತ್ತದೆ. ಮೇಲಿನ ಅಂತಸ್ತಿನಲ್ಲಿ ಕೂತು ಫಿಂಕನ್‌ವೆರ್ಡರ್‌ಗೆ ಹೋಗಿ ಬನ್ನಿ. ಗಾಳಿ ಜೋರು, ಟೋಪಿ ಮರೆಯಬೇಡಿ.

ವಾಪಸ್ ಬರುವಾಗ ಬೌಮ್‌ವಾಲ್ ಕಡೆಗೆ ದಂಡೆಯ ಮೇಲೇ ನಡೆಯಿರಿ. ಸುಮ್ನೆ ಅಡ್ಡಾಡುವ ಜಾಗದಂತಿರುವ ಅದು ಪ್ರವಾಹ ತಡೆಯುವ ಗೋಡೆ. 1962ರ ಫೆಬ್ರವರಿಯ ಒಂದು ರಾತ್ರಿ ನೀರು ನುಗ್ಗಿ ಈ ನಗರದಲ್ಲಿ 315 ಜನ ಸತ್ತರು. ಇದನ್ನು ಹೇಳಿದ ಮೇಲೆ ಅತ್ತೆ ಆ ಮೆಟ್ಟಿಲ ಮೇಲೆ ಕೂತು ಎಷ್ಟೋ ಹೊತ್ತು ನದಿಯನ್ನೇ ನೋಡುತ್ತಿದ್ದರು.